ಮೊರ್ವಾನ್ ಮನೆಯ ಕುಂಬಾ

"ಆ ಹೆಸರಿನವರು ಈ ಮನೆಯಲ್ಲಿ ಯಾರೂ ಇರಲಿಲ್ಲ," ಎಂದು ಯೂಜೆನಿ ಮೊರ್ವಾನ್ ಕಾಗದವನ್ನು ಹಿಂದಕ್ಕೆ ಕೊಟ್ಟಳು. ಸುಳ್ಳು ಹೇಳುವಾಗ ತನ್ನ ದನಿ ಇಷ್ಟು ಮೆತ್ತಗಾಗುತ್ತದೆಂದು ಎಪ್ಪತ್ತನಾಲ್ಕು ವರ್ಷದ ಆಕೆಗೇ ಗೊತ್ತಿರಲಿಲ್ಲ.

ಎದುರು ಕೂತಿದ್ದ ಕ್ಲೊಟಿಲ್ಡಾ ನ್ಯೂ ಆರ್ಲಿಯನ್ಸಿನವಳು, ಶಾಲೆಯಲ್ಲಿ ಫ್ರೆಂಚ್ ಕಲಿಸಿ ನಿವೃತ್ತಳಾದವಳು. ಮುನ್ನೂರು ವರ್ಷದ ಹಿಂದೆ ಸೆನೆಗಲ್ ನದಿಯ ಈ ದ್ವೀಪದಿಂದ, ಸೇಂಟ್ ಲೂಯಿಯಿಂದ, ಗುಲಾಮರ ಹಡಗು ಹತ್ತಿಸಿದ, ತಮ್ಮ ವಂಶದ ಮೂಲದ ಹುಡುಗಿಯೊಬ್ಬಳ ಜಾಡು ಹುಡುಕುತ್ತ ಕ್ಲೊಟಿಲ್ಡಾಳ ಅಣ್ಣ ಅರ್ಧ ಆಯುಷ್ಯ ಸವೆಸಿದ್ದ. ಅವನು ತೀರಿಕೊಂಡ ಮೇಲೆ ಅವನ ಕಾಗದಗಳನ್ನು ಹೊತ್ತು ಇವಳೇ ಬಂದಿದ್ದಳು. ಹಡಗಿನ ಪಟ್ಟಿಯ ನಕಲಿನಲ್ಲಿ ಇದ್ದದ್ದು ಒಂದೇ ಸಾಲು: ಕುಂಬಾ, ಮೊರ್ವಾನ್ ಮನೆಯವಳು, ಹದಿನೇಳು ವರ್ಷ.

ಕ್ಲೊಟಿಲ್ಡಾಳನ್ನು ಕರೆತಂದ ಕುದುರೆಗಾಡಿಯ ಮಸಾಂಬ ಬಾಗಿಲಿಗೊರಗಿ ನಿಂತಿದ್ದ.

"ಯೂಜೆನಿ ಅತ್ತೆ, ಊರಲ್ಲಿ ಇರೋದೇ ಒಂದು ಮೊರ್ವಾನ್ ಮನೆ. ಅಮೆರಿಕದಿಂದ ನೆಂಟರನ್ನ ತಂದಿದೀನಿ, ದೊಡ್ಡ ಮೀನು ಬಡಿಸು!"

"ನಿನಗಿಂತ ನಿನ್ನ ಕುದುರೆಗೆ ಬುದ್ಧಿ ಇದೆ. ಹೋಗಿ ಅದಕ್ಕೆ ನೀರು ಕುಡಿಸು."

ಆದರೂ ಊಟದ ಹೊತ್ತಿಗೆ ಬಂದವರನ್ನು ಹಾಗೇ ಕಳಿಸುವಂತಿರಲಿಲ್ಲ. ದೊಡ್ಡ ಬೋಗುಣಿಯ ಸುತ್ತ ಇಬ್ಬರೂ ಕೂತರು. ಯೂಜೆನಿ ಮೀನು ಬಿಡಿಸಿ ಅತಿಥಿಯ ಕಡೆ ಸರಿಸಿದಳು, ಪಾತ್ರೆಯ ತಳದಿಂದ ಕೆರೆದ ಸೀಕಲು ಅನ್ನವನ್ನೂ ಇಟ್ಟಳು. ಕ್ಲೊಟಿಲ್ಡಾ ಅದನ್ನು ಬಾಯಿಗಿಟ್ಟು ಬಹಳ ಹೊತ್ತು ಅಗಿದಳು.

"ನಮ್ಮಮ್ಮನೂ ಹೀಗೇ ತಳ ಕೆರೀತಿದ್ಲು. ಅಣ್ಣಂಗೂ ನಂಗೂ ದಿನಾ ಜಗಳ ಇದಕ್ಕೇ."

ಯೂಜೆನಿಯ ಕೈ ಅನ್ನದಲ್ಲೇ ನಿಂತಿತು. ಅವಳಿಗೆ ಗಂಡನಿಲ್ಲ, ಮಕ್ಕಳಿಲ್ಲ. ತಮ್ಮನನ್ನು ಮಣ್ಣು ಮಾಡಿ ಆರು ವರ್ಷವಾಗಿತ್ತು. ಎದ್ದು ಕೈ ತೊಳೆದು ಒಳಗಿನಿಂದ ಅಜ್ಜ ಬರೆದಿಟ್ಟ ವಂಶದ ಪುಸ್ತಕ ತಂದಳು. ಹುಡುಕಬೇಕಾಗಿರಲಿಲ್ಲ, ಪುಟ ಅವಳಿಗೆ ಗೊತ್ತಿತ್ತು.

"ಅಡುಗೆಯ ಕುಂಬಾ ಬಸುರಾದಳು. ಯಜಮಾನಿ ಅವಳನ್ನು ಹಡಗಿಗೆ ಮಾರಿದಳು. ಮಗು ಯಜಮಾನನದು." ಓದಿ ಮುಗಿಸಿ ಕನ್ನಡಕ ತೆಗೆದಳು. "ಆಗಲೇ ಸುಳ್ಳು ಹೇಳ್ದೆ ತಾಯಿ. ನಾಚಿಕೆಯಾಯ್ತು."

ಕ್ಲೊಟಿಲ್ಡಾ ಆ ಸಾಲುಗಳ ಮೇಲೆ ಬೆರಳಿಟ್ಟು ಒಂದೊಂದೇ ಅಕ್ಷರ ಓದಿದಳು.

"ಅಣ್ಣ ಇದ್ದಿದ್ರೆ..." ಎಂದು ನಿಲ್ಲಿಸಿದಳು.

"ನೋಡು, ನಿನ್ನಲ್ಲೂ ನನ್ನಲ್ಲೂ ಇರೋದು ಒಂದೇ ರಕ್ತ," ಯೂಜೆನಿ ಅವಳ ಮೊಣಕೈ ಮುಟ್ಟಿದಳು. "ನನಗೂ ಯಾರಿಲ್ಲ. ನಾಲ್ಕು ದಿನ ಇಲ್ಲೇ ಇರು. ಇದೂ ನಿನ್ನ ಮನೇನೇ."

ಕ್ಲೊಟಿಲ್ಡಾ ಮೊಣಕೈ ಮೆಲ್ಲಗೆ ಹಿಂದಕ್ಕೆಳೆದುಕೊಂಡಳು.

"ಅವಳನ್ನ ಕಳಿಸೋವಾಗ ಇದು ಯಾರ ಮನೆಯಾಗಿತ್ತು?"

ಯೂಜೆನಿ ಪುಸ್ತಕದಿಂದ ಆ ಹಾಳೆಯನ್ನು ಕಿತ್ತು ಕೊಟ್ಟಳು. ಕ್ಲೊಟಿಲ್ಡಾ ಅದನ್ನು ಮಡಿಸದೆ ಎರಡೂ ಕೈಯಲ್ಲಿ ಹಿಡಿದು, ಗಾಡಿ ಬೇಡವೆಂದು ಮೆಟ್ಟಿಲಿಳಿದು ಹೋದಳು.

ಯೂಜೆನಿ ಮಹಡಿಯ ಮರದ ಮೊಗಸಾಲೆಗೆ ಬಂದು ನಿಂತಳು. ಕೆಳಗೆ ರಸ್ತೆಯ ತಿರುವಿನಲ್ಲಿ ಮೀನು ಮಾರುವ ಹೆಂಗಸೊಬ್ಬಳು ಕ್ಲೊಟಿಲ್ಡಾಳನ್ನು ಊರವಳೆಂದೇ ತಿಳಿದು ತಡೆದು ನಿಲ್ಲಿಸಿ, ಊರಿನ ವೊಲೋಫ್ ಭಾಷೆಯಲ್ಲಿ ಕೇಳುತ್ತಿದ್ದಳು: ಎಲ್ಲಿಗೆ ಹೊರಟೆ, ಮನೆಯಲ್ಲಿ ಎಲ್ಲ ಚೆನ್ನಾಗಿದ್ದಾರಾ. ಒಂದು ಮಾತೂ ತಿಳಿಯದ ಕ್ಲೊಟಿಲ್ಡಾ ತಲೆಯಾಡಿಸುತ್ತ ಬಿಸಿಲಿನಲ್ಲಿ ನಿಂತೇ ಇದ್ದಳು.