ಉತ್ತರದ ಕೊಂಬೆ

ಹುಲ್ಕರ್ ಬಲಗಾಲನ್ನು ಕವಲಿಗೆ ಒತ್ತಿ ಹಿಡಿದು ಎಡಗಾಲಿನಿಂದ ಕೊಂಬೆಯನ್ನು ಜಾಡಿಸಿ ಒದ್ದಳು. ಅಕ್ರೋಟು ಕಾಯಿಗಳು ಆಲಿಕಲ್ಲಿನಂತೆ ಒಣಗಿದ ಎಲೆಗಳ ಮೇಲೆ ಸುರಿದವು.

"ಹಾಗೆ! ಇನ್ನೊಂದು ಸಲ!" ಕೆಳಗಿನಿಂದ ಕಂಬರ್ ಕೂಗಿದ. "ಮೋಡ ಕಟ್ತಾ ಇದೆ ಕಣಮ್ಮಾ, ಬೇಗ ಬೇಗ ಕೆಡವು."

ಕಂಬರ್ ಅವಳ ಗಂಡನ ಅಣ್ಣ. ಮದುವೆಯಾಗಿ ಬಂದಾಗಿನಿಂದ ಅವನು ಸೊಂಟ ಬಗ್ಗಿಸಿ ಒಂದು ಕಾಯಿ ಎತ್ತಿದ್ದನ್ನು ಅವಳು ಕಂಡವಳಲ್ಲ. ಇವತ್ತು ಮಾತ್ರ ಅತ್ತೆಯ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಎರಡೂ ಕೈಯಲ್ಲಿ ಬಾಚಿ ಬಾಚಿ ಚೀಲಕ್ಕೆ ತುಂಬುತ್ತಿದ್ದ. ತಮ್ಮ ರಷ್ಯಾದಲ್ಲಿ ಇಟ್ಟಿಗೆ ಹೊರುತ್ತಿದ್ದಾನೆ, ಅವನ ಹೆಂಡತಿಗೆ ಕೈಯಾಸರೆ ಆಗೋಣ ಎಂದು ಬಂದಿರಬೇಕು. ಹುಲ್ಕರ್‌ಗೆ ಬೆಳಗ್ಗೆಯಿಂದ ಅದೇ ಖುಷಿ. ಆ ಖುಷಿಯಲ್ಲೇ ಒಂದೊಂದೇ ಕೊಂಬೆ ಬರಿದು ಮಾಡುತ್ತಾ ತುದಿಗೆ ಬಂದಿದ್ದಳು.

ತುದಿಯಿಂದ ಇಳಿಜಾರಿನ ಆಚೆ ಬದಿ ಕಾಣುತ್ತಿತ್ತು. ಮುಳ್ಳುಪೊದೆಯ ಹಿಂದೆ ಒಂದು ಜೀಪು, ಮೂತಿ ಊರಿನ ದಾರಿಗೆ ತಿರುಗಿಸಿಕೊಂಡು ನಿಂತಿತ್ತು. ಅದರ ನೆರಳಿನಲ್ಲಿ, ಮರದ ಗಂಟು ಕೊಯ್ದು ಮಾರುವ ಮಾದಮಿನ್ ಕೂತು ಮೋಟಾರು ಗರಗಸದ ಸರಪಳಿಗೆ ಎಣ್ಣೆ ಬಿಡುತ್ತಿದ್ದ.

ಒದೆಯಲು ಎತ್ತಿದ ಕಾಲನ್ನು ಅವಳು ಹಿಂದಕ್ಕೆ ಎಳೆದುಕೊಂಡಳು.

ಈ ಕಾಡಿನಲ್ಲಿ ಒಂದು ಕಟ್ಟಳೆ ಉಂಟು. ಕಾಯಿ ಇರುವ ತನಕ ಮರ, ಹತ್ತಿ ಕಾಯಿ ಉದುರಿಸುವವರದ್ದು. ಕೊನೆಯ ಕಾಯಿ ನೆಲಕ್ಕೆ ಬಿತ್ತೋ, ವಸಂತ ಬರುವ ತನಕ ಗುತ್ತಿಗೆ ಹಿಡಿದವನದ್ದು. ಗುತ್ತಿಗೆ ಇರುವುದು ಕಂಬರ್ ಹೆಸರಿನಲ್ಲಿ. ಮರದ ಬುಡದಲ್ಲಿ ಗಬ್ಬದ ಹಸುವಿನ ಹೊಟ್ಟೆಯಂಥ ಗಂಟೊಂದು ಬೆಳೆದು ನಿಂತಿದೆ. ಅಂಥ ಗಂಟನ್ನು ಹಾಳೆ ಹಾಳೆಯಾಗಿ ಸೀಳಿ ದೂರದೇಶದ ಶ್ರೀಮಂತರ ಮೇಜುಗಳಿಗೆ ಅಂಟಿಸುತ್ತಾರಂತೆ. ಗಂಟು ಕೊಯ್ದ ಮರ ಒಳಗಿಂದ ಕೊಳೆಯುತ್ತದೆ. ಹಳ್ಳದ ಪಕ್ಕದ್ದನ್ನು ಹಾಗೆ ಕೊಯ್ದಿದ್ದರು. ಈ ವಸಂತದಲ್ಲಿ ಅದು ಚಿಗುರಲೇ ಇಲ್ಲ. ಹುಲ್ಕರ್‌ಳ ಮನೆಯ ಚಳಿಗಾಲದ ಹಿಟ್ಟು, ಎಣ್ಣೆ, ಮಕ್ಕಳ ಬೂಟು, ಎಲ್ಲವೂ ಈ ಒಂದು ಮರದಿಂದಲೇ.

ಉಳಿದದ್ದು ಉತ್ತರದ ಕೊಂಬೆ ಒಂದೇ. ಅವಳು ಮೆಲ್ಲಗೆ ಅದರ ಮೇಲೆ ಜರುಗಿ, ಕುದುರೆ ಏರಿದವಳಂತೆ ಕಾಲು ಇಳಿಬಿಟ್ಟು ಕೂತಳು.

"ಯಾಕೆ ನಿಲ್ಲಿಸಿದೆ?" ಕಂಬರ್ ಕೇಳಿದ.

"ಮಾದಮಿನ್ ಯಾಕೆ ಬಂದಿದ್ದಾನೆ ಭಾವ?"

ಕಂಬರ್ ತಲೆ ಎತ್ತಲಿಲ್ಲ. ಅತ್ತೆ ಎತ್ತಿದರು, ಅವರ ಕಪ್ಪಾದ ಬೆರಳುಗಳಲ್ಲಿ ಅರ್ಧ ಸುಲಿದ ಕಾಯಿ ಹಾಗೇ ನಿಂತಿತು.

"ಯಾವ ಮಾದಮಿನ್?" ಎಂದ ಕಂಬರ್, ಚೀಲದತ್ತಲೇ ನೋಡುತ್ತಾ.

"ಪೊದೆ ಹಿಂದೆ ಅವಿತು ಕೂತಿರೋನು. ಕರೀರಿ, ಚಹಾ ಕುಡೀಲಿ. ಪಾಪ, ಎಷ್ಟು ಹೊತ್ತು ಅಂತ ಕೂರ್ತಾನೆ!"

ಕರೆಯಬೇಕಾಗಲಿಲ್ಲ. ಮಾದಮಿನ್ ಗರಗಸವನ್ನು ಹೆಗಲಿಗೇರಿಸಿ ತಾನೇ ಬಂದ. "ಏನ್ ಕಂಬರ್, ಮಧ್ಯಾಹ್ನಕ್ಕೆ ಮುಗಿಯುತ್ತೆ ಅಂದಿದ್ದೆ? ಮಳೆ ಬಂದ್ರೆ ಜೀಪು ಇಳಿಯಲ್ಲ. ನಾಳೆ ಬೆಳಗ್ಗೆ ಅರಣ್ಯ ಇಲಾಖೆಯವನು ಇದೇ ದಾರಿಯಲ್ಲಿ ಬರ್ತಾನೆ, ಗಂಟು ಕಂಡ್ರೆ ಕೇಸು."

"ಒಂದೇ ಕೊಂಬೆ," ಎಂದ ಕಂಬರ್. ಮೇಲೆ ನೋಡಿ ದನಿ ಏರಿಸಿದ. "ಹುಲ್ಕರ್, ಒದಿ!"

"ಕಾಲು ನೋಯ್ತಾ ಇದೆ."

"ಹಾಗಾದ್ರೆ ಇಳಿ. ನಾನು ಹತ್ತುತೀನಿ."

"ನೀವಾ?" ಅವಳಿಗೆ ನಗು ತಡೆಯಲಾಗಲಿಲ್ಲ. "ಮನೆ ಮಾಡಿಗೆ ಮಣ್ಣು ಮೆತ್ತೋಕೆ ಹತ್ತಿ, ಇಳಿಸೋಕೆ ನಾಲ್ಕು ಜನ ಬೇಕಾಯ್ತಲ್ಲ!"

ಮಾದಮಿನ್ ಕಿಸಕ್ಕೆಂದ. ಕಂಬರ್‌ನ ಕಿವಿ ಕೆಂಪಾದವು. ಅವನು ಉದ್ದನೆಯ ಕೋಲನ್ನು ತಂದು ಮೇಲಕ್ಕೆ ಬೀಸಿದ. ಅದು ಅವಳ ಕಾಲಿನಿಂದ ಆಳೆತ್ತರ ಕೆಳಗೇ ಗಾಳಿಯನ್ನಷ್ಟೇ ಹೊಡೆಯಿತು. ಕೋಲು ಎಸೆದು ಮಾದಮಿನ್‌ಗೆ ಸನ್ನೆ ಮಾಡಿದ. "ಸ್ಟಾರ್ಟ್ ಮಾಡು. ಸದ್ದಿಗೇ ಇಳೀತಾಳೆ."

ಗರಗಸ ಗುರ್ರೆಂದಿತು. ಮಾದಮಿನ್ ಅಲಗನ್ನು ಗಂಟಿಗೆ ತಾಗಿಸಿಯೇ ಬಿಟ್ಟ. ನಡುಕ ಬುಡದಿಂದ ಎದ್ದು, ಕಾಂಡದಲ್ಲಿ ಹರಿದು ಅವಳ ತೊಡೆಗೆ, ಬೆನ್ನಿಗೆ, ಹಲ್ಲಿಗೆ ಬಂತು. ಅವಳು ಕೊಂಬೆಯನ್ನು ತಬ್ಬಿಕೊಂಡಳು. ಮೂರು ಕಾಯಿ ಕಳಚಿ ಬಿದ್ದವು. ಹುಲ್ಕರ್ ಉಳಿದವನ್ನು ನೋಡಿದಳು. ಉದುರಬೇಡಿ ಎಂದು ಕಾಯಿಗಳನ್ನು ಬೇಡಿಕೊಂಡದ್ದು ಅವಳ ಜನ್ಮದಲ್ಲಿ ಅದೇ ಮೊದಲು.

ಅತ್ತೆ ಎದ್ದರು. ಮಂಡಿ ಹಿಡಿದುಕೊಂಡೇ ಬಂದು ಗಂಟಿಗೆ ಬೆನ್ನು ಕೊಟ್ಟು ನಿಂತರು. ಮಾದಮಿನ್ ಹೌಹಾರಿ ಗರಗಸ ಎಳೆದುಕೊಂಡ. ಸದ್ದು ನಿಂತಿತು.

"ಮರದಲ್ಲಿ ಇನ್ನೂ ಕಾಯಿ ಇರೋವಾಗ, ಉಸಿರಿರೋವಾಗ ಕಬ್ಬಿಣ ಮುಟ್ಟಿಸ್ತೀಯೇನೋ?" ಅವರು ಮಗನಿಗೆ ಅಂದರು. "ನಿನಗೆ ಕುಡಿಸಿದ ಹಾಲಿದೆಯಲ್ಲ, ಅದಕ್ಕೆ ನನ್ನ ಒಪ್ಪಿಗೆ ಇಲ್ಲ ಅಂದುಬಿಡ್ತೀನಿ. ಅನ್ನಲಾ?"

ತಾಯಿಯ ಬಾಯಿಂದ ಬರುವ ಶಾಪಗಳಲ್ಲಿ ಅದಕ್ಕಿಂತ ದೊಡ್ಡದಿಲ್ಲ; ಕಂಬರ್ ಒಂದು ಹೆಜ್ಜೆ ಹಿಂದೆ ಸರಿದ. "ಅಮ್ಮಾ, ಹಾಗನ್ನಬೇಡ..."

ಮೊದಲ ಹನಿಗಳು ಬಿದ್ದವು. ಅಕ್ರೋಟಿನ ತೊಗಟೆ ಒದ್ದೆಯಾದರೆ ಸಾಬೂನು. ಹುಲ್ಕರ್‌ಳ ಗಲೋಷು, ಆ ರಬ್ಬರಿನ ಜೋಡುಗಳು, ಆಗಲೇ ಜಾರತೊಡಗಿದ್ದವು. ಅವಳು ಒಂದೊಂದಾಗಿ ಕಾಲಿನಿಂದ ಕಳಚಿ ಬಿಟ್ಟಳು. ಅವು ಬಿದ್ದ ಸದ್ದು ಕೇಳಲು ಬಹಳ ಹೊತ್ತು ಹಿಡಿಯಿತು.

"ಮಗಳೇ," ಅತ್ತೆ ಮೇಲೆ ನೋಡಿ ಕರೆದರು. "ಇಳಿದು ಬಾರೇ. ಮರಕ್ಕಿಂತ ನೀನು ದೊಡ್ಡವಳು."

ಮಾದಮಿನ್ ಜೀಪಿನತ್ತ, ಆಕಾಶದತ್ತ ನೋಡಿ ಉಗುಳಿದ. "ಕಾಲು ಗಂಟೆ ನೋಡ್ತೀನಿ. ಆಮೇಲೆ ನಾನು ಹೊರಟೆ."

ಕಂಬರ್ ಜೀಪಿಗೆ ಓಡಿ ಹಗ್ಗದ ಸುರುಳಿ ತಂದ. ಅವನ ಮುಖ ಬಿಳಚಿತ್ತು. "ಹುಲ್ಕರ್, ಕೇಳು. ಬಿದ್ದುಹೋದ್ರೆ ತಮ್ಮನಿಗೆ ಏನಂತ ಹೇಳ್ಲಿ ನಾನು? ಹಗ್ಗ ಎಸೀತೀನಿ, ಸೊಂಟಕ್ಕೆ ಬಿಗಿದುಕೋ. ಒಂದೇ ಒಂದು ಸಲ ಒದ್ದು ಇಳಿದುಬಿಡು. ಹುಲ್ಲುಗಾವಲಿನ ಎರಡು ಮರ ನಿನ್ನ ಪಾಲಿಗೆ. ಅಮ್ಮನ ಎದುರಿಗೇ ಹೇಳ್ತಿದ್ದೀನಿ, ಗುತ್ತಿಗೆಯೂ ನಿನ್ನ ಹೆಸರಿಗೆ. ಎಳೇ ಮರ ಅವು. ನೀನು ಹತ್ತೋದೇ ಬೇಡ."

ಹಗ್ಗ ಮೇಲೆ ಬಂತು. ಅವಳ ಮಂಡಿಯ ಪಕ್ಕದಲ್ಲೇ ಕೊಂಬೆಯನ್ನು ದಾಟಿ ತೂಗಾಡಿತು. ಹುಲ್ಕರ್ ಬರಿಗಾಲಿನ ಬೆರಳಿನಿಂದ ಅದನ್ನು ಆಚೆ ತಳ್ಳಿದಳು.

"ನನಗೆ ಬೇಡ. ಜೀಪು ಹೊರಡೋ ತನಕ ಈ ಕಾಯಿಗಳೂ ಇಲ್ಲೇ, ನಾನೂ ಇಲ್ಲೇ."