ಪರ್ವತಯ್ಯನ ಹೊಲ

"ಹಂಗಾದ್ರೆ ನಾವು ತೊಳ್ದೇ ಇಲ್ಲ ಅಂತೀರಾ?"

ಚಿಕ್ಕಹನುಮಕ್ಕ ಇದನ್ನು ಎರಡನೇ ಸಲ ಕೇಳಿದಳು. ಮ್ಯಾನೇಜರ್ ರುದ್ರಮುನಿ ಕಂಟ್ರೋಲ್ ರೂಮಿನ ಗೋಡೆಗೆ ತೂಗುಹಾಕಿದ್ದ ದೊಡ್ಡ ಪರದೆಯತ್ತ ಕೈ ತೋರಿಸಿದ. ಅದರಲ್ಲಿ ನಲವತ್ತೆರಡು ಚೌಕಗಳು. ನಲವತ್ತೊಂದು ಹಸಿರು, ಒಂದು ಮಾತ್ರ ಕೆಂಪು. ಕೆಂಪು ಚೌಕದೊಳಗೆ ಹದಿನಾಲ್ಕು ಎಂದು ಬರೆದಿತ್ತು.

"ನಾನು ಹೇಳ್ತಿಲ್ಲ ಹನುಮಕ್ಕ, ಇದು ಹೇಳ್ತಿದೆ" ಎಂದ ಅವನು. "ಮೂರು ವಾರದಲ್ಲಿ ಮೂರು ಸಲ ಹದಿನಾಲ್ಕನೇ ಬ್ಲಾಕ್ ತೊಳೆದಿದ್ದೀವಿ ಅಂತ ನಿಮ್ಮ ಫೋನಿಂದಾನೇ ಹೋಗಿದೆ. ತೊಳೆದ ಮಾರನೇ ದಿನ ಕರೆಂಟು ಏರಬೇಕು. ಏರೋದಿರಲಿ, ವಾರವಾರ ಇಳೀತಾ ಇದೆ. ಹೆಡ್ ಆಫೀಸಿನವರು ಇದಕ್ಕೆ ಏನಂತ ಬರೆದಿದ್ದಾರೆ ಗೊತ್ತಾ? ಸುಳ್ಳು ವರದಿ ಅಂತ."

"ಸುಳ್ಳು" ಎಂಬ ಮಾತು ಬಿದ್ದದ್ದೇ ಚಿಕ್ಕಹನುಮಕ್ಕ ಕೈಯಲ್ಲಿದ್ದ ಉದ್ದ ಕೋಲಿನ ವೈಪರನ್ನು ನೆಲಕ್ಕೆ ಕುಟ್ಟಿದಳು. ಒರೆಸಿಟ್ಟಿದ್ದ ಟೈಲ್ಸಿನ ಮೇಲೆ ಕೆಸರು ನೀರು ಸಿಡಿಯಿತು.

ಕ್ಯಾತಗಾನಚೆರ್ಲು ಊರಿನ ಸುತ್ತಲಿನ ಹೊಲಗಳೆಲ್ಲ ಸೋಲಾರ್ ಪಾರ್ಕಿಗೆ ಗುತ್ತಿಗೆಗೆ ಹೋದಾಗಿನಿಂದ ಪ್ಲೇಟು ತೊಳೆಯುವ ಕೆಲಸ ಅವಳ ಗುಂಪಿನದು. ಮೂವತ್ನಾಲ್ಕು ಜನ ಹೆಂಗಸರು. ಏಳು ವರ್ಷದಲ್ಲಿ ಒಂದು ಪ್ಲೇಟನ್ನೂ ಒಡೆದವರಲ್ಲ. ಕಂಪನಿಗೆ ಐದು ರಾಜ್ಯಗಳಲ್ಲಿ ಇಂಥ ಹನ್ನೊಂದು ಜಾಗಗಳಿದ್ದವು. ಹೋದ ವರ್ಷದವರೆಗೆ ಒಂದೊಂದು ಜಾಗಕ್ಕೂ ಅದರದೇ ಕಂಪ್ಯೂಟರು, ಅದರದೇ ರಿಜಿಸ್ಟರು. ಇಲ್ಲಿನ ಕಂಪ್ಯೂಟರಿನ ಮುಂದೆ ಮಧುಗಿರಿಯ ಭೀಮರಾಜು ಕೂರುತ್ತಿದ್ದ. ಹೆಂಗಸರು ಬಂದು "ಹುಣಸೇಮರದ ಹೊಲ ಆಯ್ತಣ್ಣ" ಎಂದರೆ ಅವನು ಕತ್ತು ಎತ್ತದೆ ಇಪ್ಪತ್ತೆರಡು ಎಂದು ಒತ್ತುತ್ತಿದ್ದ. ಯಾವ ಹೊಲ ಯಾವ ನಂಬರು ಎಂಬುದು ಅವನ ತಲೆಯಲ್ಲಿತ್ತೇ ಹೊರತು ಬೇರೆಲ್ಲೂ ಇರಲಿಲ್ಲ. ಯುಗಾದಿ ಕಳೆದ ಮೇಲೆ ಕಂಪನಿ ಆ ಕಂಪ್ಯೂಟರುಗಳನ್ನೆಲ್ಲ ಕಿತ್ತು, ಹನ್ನೊಂದು ಜಾಗಗಳ ಕೆಲಸವನ್ನೂ ಕ್ಲೌಡಿಗೆ ಹಾಕಿತು. ಯಂತ್ರ ಬೇರೆ ಯಾರದೋ, ಎಲ್ಲೋ ಇರುತ್ತದೆ, ಬಾಡಿಗೆಗೆ ಹಿಡಿದು ಬಳಸುವುದು ಅಷ್ಟೆ. ಯಾವತ್ತು ಯಾವ ಬ್ಲಾಕ್ ತೊಳೆಯಬೇಕು ಎಂಬುದನ್ನೂ ಅದೇ ಲೆಕ್ಕ ಹಾಕಿ ಫೋನಿಗೆ ಕಳಿಸುತ್ತದೆ. ಭೀಮರಾಜು ರಿಟೈರಾಗಿ ಊರಿಗೆ ಹೋದ. ಅವನ ಕುರ್ಚಿಗೆ ಯಾರೂ ಬರಲಿಲ್ಲ.

"ಮೋಡ ಬಂದ್ರೆ ಕರೆಂಟೇ ಬರಲ್ಲ. ಇವ್ರು ನೋಡಿದ್ರೆ ಎಲ್ಲಾನೂ ತಗಂಡೋಗಿ ಮೋಡದಾಗೇ ಇಕ್ಕವ್ರಲ್ಲೇ!" ಎಂದು ಗುಂಪಿನ ಲೋಹಿತಾ ಅವತ್ತು ಎಲ್ಲರನ್ನೂ ನಗಿಸಿದ್ದಳು.

ಇವತ್ತು ನಗುವಂಥದ್ದೇನೂ ಇರಲಿಲ್ಲ. ಮಧ್ಯಾಹ್ನ ಮೂರು ಗಂಟೆಗೆ ಬೆಂಗಳೂರಿನ ಹೆಡ್ ಆಫೀಸಿನಿಂದ ಮಂಜುಶ್ರೀ ಮೇಡಂ ಪರದೆಯ ಮೇಲೆ ಬರುವವರಿದ್ದರು. ಈ ಗುಂಪನ್ನು ಬಿಡಿಸಿ ಬ್ರಷ್ ಯಂತ್ರದ ಕಂಟ್ರಾಕ್ಟರನನ್ನು ಹಾಕಿಕೊಳ್ಳುವ ಕಾಗದ ತಯಾರಾಗಿತ್ತು. ಮೇಡಂ ಹೂಂ ಅನ್ನುವುದೊಂದೇ ಬಾಕಿ.

"ಯಂತ್ರ ತರ್ತೀನಿ, ನೀವು ಮನೆಗೋಗಿ ಅನ್ನಿ, ಓಯ್ತೀವಿ" ಎಂದಳು ಚಿಕ್ಕಹನುಮಕ್ಕ. "ಸುಳ್ಳು ಅನ್ನೋ ಮಾತು ಹೊತ್ಕಂಡು ಮಾತ್ರ ನಾನು ಈ ಬಾಗ್ಲು ದಾಟಲ್ಲ. ಜೀಪು ತೆಗೀರಿ. ನಿಮ್ಮ ಹದಿನಾಲ್ಕು ಅಂದ್ರೆ ಪರ್ವತಯ್ಯನ ಹೊಲ, ಅಲ್ಲಿಗೇ ಓಗನ. ಕಣ್ಣಲ್ಲಿ ನೋಡಿ ಆಮೇಲೆ ಮಾತಾಡಿ."

ಮೂಲೆಯಲ್ಲಿ ಲ್ಯಾಪ್‌ಟಾಪ್ ಹಿಡಿದು ನಿಂತಿದ್ದ ಅಂಜನ್ ಕುಮಾರ್ ಮೊದಲ ಸಲ ಬಾಯಿ ಬಿಟ್ಟ. "ನೋಡೋಣ ಸಾರ್. ನೋಡೋದ್ರಲ್ಲೇನಿದೆ?"

ಅಂಜನ್ ಕಳ್ಳಂಬೆಳ್ಳದವನು. ಇಲ್ಲಿನ ಕಂಪ್ಯೂಟರಿನಿಂದ ಎಲ್ಲವನ್ನೂ ಕ್ಲೌಡಿಗೆ ಏರಿಸಿದ ಇಂಜಿನಿಯರು ಅವನೇ. ಹೆಂಗಸರಿಗೆ ಬರಿಯ ನಂಬರು ಕಳಿಸಿದರೆ ತಿಳಿಯುವುದಿಲ್ಲವೆಂದು ನಲವತ್ತೆರಡು ಬ್ಲಾಕಿಗೂ ಹೊಲದ ಹೆಸರನ್ನು ಕನ್ನಡದಲ್ಲಿ ಸೇರಿಸಿದ್ದ. ಉಳಿದ ಹತ್ತು ಜಾಗಗಳಲ್ಲಿ ಇಂಥದ್ದು ಇರಲಿಲ್ಲ. ಹೆಡ್ ಆಫೀಸಿನವರು ಅದನ್ನು ಹೊಗಳಿ ಎಲ್ಲರಿಗೂ ಮೇಲ್ ಹಾಕಿದ್ದರು.

ಜೀಪು ಉತ್ತರದ ಗುಡ್ಡದ ಕಡೆ ಹೊರಟಿತು. ದಾರಿ ತೋರಿಸಿದವಳು ಚಿಕ್ಕಹನುಮಕ್ಕ. ಹಿಂದೆ ಲೋಹಿತಾಳೂ ಹತ್ತಿಕೊಂಡಿದ್ದಳು. ಗುಡ್ಡದ ಬುಡದಲ್ಲಿ ಇಳಿದಾಗ ಸಾಲುಸಾಲು ಪ್ಲೇಟುಗಳು ಕಣ್ಣು ಬಿಡಲಾಗದಷ್ಟು ಹೊಳೆಯುತ್ತಿದ್ದವು. ಚಿಕ್ಕಹನುಮಕ್ಕ ಒಂದರ ಮೇಲೆ ಬೆರಳೆಳೆದು ಆ ಬೆರಳನ್ನು ರುದ್ರಮುನಿಯ ಬಿಳಿ ಅಂಗಿಯ ತೋಳಿಗೆ ಒರೆಸಿದಳು. ಅಂಗಿ ಬಿಳಿಯಾಗಿಯೇ ಉಳಿಯಿತು.

"ಎಲ್ಲೈತೆ ಸುಳ್ಳು? ತೋರ್ಸಿ."

"ತೊಳೆದ ತಟ್ಟೆನೇ ತೊಳೀತಾ ಇದೀವಿ ಸಾರ್" ಎಂದಳು ಲೋಹಿತಾ. "ಮೂರು ವಾರದಿಂದ ಸೋಮವಾರ ಸೋಮವಾರ ಇದೇ ಹೊಲ ಬತ್ತೈತೆ. ಧೂಳೇ ಇಲ್ದಿದ್ದುಕ್ಕೆ ಯಾಕೆ ನೀರು ಹೊಯ್ಯಾದು ಅಂತ ನಗ್ತಾ ಇದ್ವಿ."

"ಧೂಳಿಲ್ಲ ಅಂತ ಹೇಳ್ಬೇಕಾಗಿತ್ತು ತಾನೇ?" ಎಂದ ರುದ್ರಮುನಿ.

"ಯಾರಿಗೆ?" ಚಿಕ್ಕಹನುಮಕ್ಕನ ದನಿ ಏರಿತು. "ಭೀಮರಾಜಣ್ಣ ಇದ್ದಿದ್ರೆ ಹೇಳ್ತಿದ್ದೆ. ಈ ಫೋನಾಗೆ ಆಯಿತು ಅನ್ನೋದು ಒಂದೇ ಬಟನ್ನು. ಯಾಕೆ ಅಂತ ಕೇಳೋ ಬಟನ್ನು ಎಲ್ಲೈತೆ?"

ಮಾತು ಗಟ್ಟಿಯಾಗಿಯೇ ಬಂತು. ಒಳಗೆ ಮಾತ್ರ ಚುಚ್ಚಿತು. ಕೇಳಬಹುದಿತ್ತು. ಆಫೀಸು ಇಲ್ಲೇ ಇತ್ತು. ಯಂತ್ರ ಹೇಳಿದಂತೆ ಮಾಡಿ ಬಿಸಾಕೋಣ ಎಂಬ ಸಿಟ್ಟಿನಲ್ಲಿ ಅವಳು ಕೇಳಿರಲಿಲ್ಲ.

ಅಂಜನ್ ಫೋನು ಹಿಡಿದು ಸಾಲಿನ ತುದಿಯವರೆಗೆ ಹೋದ. ಅಲ್ಲಿದ್ದ ಬೋರ್ಡು ಏಳು ವರ್ಷದ ಬಿಸಿಲಿಗೆ ಬೆಳ್ಳಗಾಗಿ ಒಂದಕ್ಷರವೂ ಕಾಣುತ್ತಿರಲಿಲ್ಲ. ಫೋನಿನ ಮ್ಯಾಪನ್ನು ಎರಡು ಸಲ ತಿರುಗಿಸಿ ನೋಡಿಕೊಂಡು ಬಂದ ಅವನ ಮುಖ ಸಪ್ಪಗಾಗಿತ್ತು.

"ಇದು ಹದಿನಾಲ್ಕಲ್ಲಕ್ಕಾ. ಒಂಬತ್ತು. ಒಂಬತ್ತು ಅಂದ್ರೆ ಮರುಳಸಿದ್ದಯ್ಯನ ಹೊಲ. ಪರ್ವತಯ್ಯನ ಹೊಲ ದಕ್ಷಿಣಕ್ಕಿದೆ, ಹೊಸ ರೋಡಿನ ಪಕ್ಕ."

"ಯಾವನೋ ಹೇಳಿದ್ದು ನಿಂಗೆ?" ಎಂದಳು ಅವಳು. ಸಾರ್ ಎನ್ನುವುದು ಮರೆತೇಹೋಗಿತ್ತು. "ಇದೇ ಹೊಲದಾಗೆ ನಮ್ಮವ್ವನ ಜತೆ ಕಡ್ಲೇಕಾಯಿ ಕಳೆ ಕಿತ್ತವ್ಳು ನಾನು. ಶಾಲೆ ಬಿಟ್ಟ ವರ್ಷದಿಂದ ಇಲ್ಲಿ ಕೂಲಿ ಮಾಡಿವ್ನಿ. ಪರ್ವತಯ್ಯನ ಹೊಲ ಯಾವ್ದು ಅಂತ ನಂಗೆ ನೀನು ಹೇಳ್ಬೇಕಾ?"

"ಲೀಸ್ ಕಾಗದದಲ್ಲಿ ಹಂಗೇ ಇದೆಯಕ್ಕ. ಪಹಣಿ ನೋಡಿಯೇ ಹೆಸರು ಹಾಕಿದ್ದು ನಾನು."

ಅವಳು ಅವನನ್ನು ಒಂದು ಕ್ಷಣ ನೋಡಿದಳು. ಆಮೇಲೆ ಬೇಲಿಯತ್ತ ತಿರುಗಿ ಬಾಯಿಗೆ ಕೈ ಅಡ್ಡ ಹಿಡಿದು ಕೂಗಿದಳು. "ತಾತಾ! ಓ ಪರ್ವತಯ್ಯ ತಾತಾ! ವಸಿ ಇಲ್ಲಿ ಬಾ!"

ಪ್ಲೇಟುಗಳ ನೆರಳಲ್ಲಿ ಬೆಳೆಯುವ ಹುಲ್ಲಿಗೆ ಕಂಪನಿಯೇ ಊರಿನ ಕುರಿಗಳನ್ನು ಬಿಡಿಸುತ್ತಿತ್ತು. ಎಂಬತ್ತರ ಹತ್ತಿರದ ಪರ್ವತಯ್ಯ ಕುರಿಗಳನ್ನು ಬಿಟ್ಟು ನಿಧಾನಕ್ಕೆ ಬಂದ. ಹಣೆಯ ವಿಭೂತಿ ಬೆವರಿಗೆ ಕರಗಿತ್ತು.

"ಏಮೇ ಹನುಮಕ್ಕಾ, ಊರು ಕೇಳಂಗೆ ಕೂಗ್ತೀಯಲ್ಲೇ."

"ಇದ್ಯಾರ ಹೊಲ ತಾತ? ಈ ಸಾರ್‌ಗೋಳಿಗೆ ಹೇಳು."

"ನಂದೇ. ಇನ್ಯಾರ್ದು?" ಎಂದ ಮುದುಕ. ಅಂಜನ್ ಪಹಣಿಯ ಮಾತೆತ್ತಿದಾಗ ಅವನು ನಕ್ಕುಬಿಟ್ಟ. "ಓ ಅದಾ! ಕಾಗದದಾಗೆ ಇದು ನಮ್ಮಣ್ಣ ಮರುಳಸಿದ್ದಯ್ಯಂದು, ರೋಡಿನ ಹೊಲ ನಂದು. ನಮ್ಮಣ್ಣನಿಗೆ ಎತ್ತಿನ ಗಾಡಿ ಹರಿದು ಕಾಲು ಓಯ್ತು. ಗುಡ್ಡದ ತಂಕ ನಡೆಯಕ್ಕೆ ಆಗ್ತಿರ್ಲಿಲ್ಲ. ನೀನು ಊರ ಹತ್ರದ್ದು ಉಳ್ಕೋ, ನಾನು ಗುಡ್ಡದ್ದು ಉಳ್ತೀನಿ ಅಂದೆ. ಅವತ್ತಿಂದ ಇದು ನಂದು, ಅದು ಅವ್ನುದು. ನಲ್ವತ್ತೈದು ವರ್ಷ ಆಯ್ತು."

"ಮತ್ತೆ ಕಾಗದ ಯಾಕೆ ಬದಲಾಯಿಸ್ಲಿಲ್ಲ?" ಎಂದು ಕೇಳಿದ ರುದ್ರಮುನಿ.

"ಅಣ್ಣತಮ್ಮಂದ್ರಿಗೆ ಕಾಗದ ಏನಕಪ್ಪಾ? ಎರಡೂ ಒಂದೇ ಅಳತೆ. ಕಂಪನಿಯವ್ರು ಸೈನ್ ಹಾಕು ಅಂದ್ರು, ಎಲ್ಲಿ ಅಂದ್ರೆ ಅಲ್ಲಿ ಹಾಕಿದ್ವಿ." ಮುದುಕ ಕುರಿಗಳ ಕಡೆ ತಿರುಗಿ, ಮತ್ತೆ ಈಚೆ ನೋಡಿ, "ಅಣ್ಣ ಓಗಿ ಐದು ವರ್ಷ ಆಯ್ತು" ಎಂದ. ಅದನ್ನು ಯಾರೂ ಕೇಳಿರಲಿಲ್ಲ.

ಅಂಜನ್ ಬೋಳಾದ ಬೋರ್ಡಿಗೆ ಕೈಯೂರಿ ನಿಂತುಬಿಟ್ಟ. ಯಂತ್ರ ಹದಿನಾಲ್ಕು ಕೊಳೆಯಾಗಿದೆ ಎಂದಿತ್ತು. ಅವನು ಸೇರಿಸಿದ್ದ ಪಟ್ಟಿ ಅದನ್ನು ಪರ್ವತಯ್ಯನ ಹೊಲ ಎಂದಿತ್ತು. ಹೆಂಗಸರು ಪರ್ವತಯ್ಯನ ಹೊಲಕ್ಕೆ ಬಂದು ಒಂಬತ್ತನ್ನು ತೊಳೆದಿದ್ದರು. ಹದಿನಾಲ್ಕಕ್ಕೆ ಮೂರು ವಾರದಿಂದ ಒಂದು ತೊಟ್ಟು ನೀರು ಬಿದ್ದಿರಲಿಲ್ಲ. ರೋಡು ಕೆಲಸ ಶುರುವಾಗುವವರೆಗೆ ಎರಡು ಹೊಲವೂ ಒಂದೇ ವಾರದಲ್ಲಿ ಬರುತ್ತಿದ್ದವು, ಅದಕ್ಕೇ ಇಷ್ಟು ದಿನ ಗೊತ್ತಾಗಿರಲಿಲ್ಲ. ಜೀಪು ಅಲ್ಲಿಗೆ ಹೋದಾಗ ನೋಡಿದರೆ ರೋಡು ಕೆಲಸದ ಕೆಂಪು ಧೂಳು ಪ್ಲೇಟುಗಳ ಮೇಲೆ ಪದರವಾಗಿ ಕೂತಿತ್ತು.

ಮೂರು ಗಂಟೆಗೆ ಮಂಜುಶ್ರೀ ಮೇಡಂ ಪರದೆಯ ಮೇಲೆ ಬಂದರು. ಅಂಜನ್ ತಪ್ಪು ತನ್ನದೆಂದು ಹೇಳಿದ. ಮುಚ್ಚಿಡಲಿಲ್ಲ. ಮೇಡಂ ಪೂರ್ತಿ ಕೇಳಿಸಿಕೊಂಡರು.

"ಕಥೆ ಚೆನ್ನಾಗಿದೆ ಅಂಜನ್, ಆದರೆ ನನಗೆ ಐದೂವರೆಗೆ ಮೀಟಿಂಗ್ ಇದೆ. ಅಲ್ಲಿ ತೋರಿಸೋದಕ್ಕೆ ಗ್ರಾಫ್ ಬೇಕು. ಈಗಲೇ ಹದಿನಾಲ್ಕನ್ನ ತೊಳೆಸಿ. ಐದರೊಳಗೆ ಏರಿದರೆ ನಾನು ನೋಡ್ಕೋತೀನಿ."

ರುದ್ರಮುನಿ ಟ್ಯಾಂಕರಿನವನಿಗೆ ಫೋನು ಮಾಡಲು ಎದ್ದೇಬಿಟ್ಟ. ಲೋಹಿತಾ ಸೆರಗು ಸಿಕ್ಕಿಸಿಕೊಂಡಳು. ಚಿಕ್ಕಹನುಮಕ್ಕ ಕದಲಲಿಲ್ಲ.

"ಆಗಲ್ಲ ಮೇಡಂ."

"ಏನಾಗಲ್ಲ?"

"ಈ ಬಿಸಿಲಾಗೆ ತೊಳೆಯಕ್ಕಾಗಲ್ಲ. ಪ್ಲೇಟು ಕಾದು ಬೆಂಕಿ ಆಗಿರ್ತದೆ. ತಣ್ಣೀರು ಬಿದ್ರೆ ಗಾಜು ಸೀಳ್ತದೆ. ಇವತ್ತಲ್ದಿದ್ರೆ ನಾಳಿಕ್ಕೆ ಸೀಳ್ತದೆ. ಬೆಳ್ಳಂಬೆಳಿಗ್ಗೆ, ಇಲ್ಲಾ ಹೊತ್ತು ಮುಳುಗ್ತಿದ್ದಂಗೆ. ಏಳು ವರ್ಷದಿಂದ ಅಂಗೇ ಮಾಡಿವ್ನಿ."

"ಅಕ್ಕಾ, ಸುಮ್ಕಿರೇ, ಕೆಲ್ಸ ಓಯ್ತದೆ" ಎಂದು ಲೋಹಿತಾ ತೋಳು ಜಗ್ಗಿದಳು.

"ಓಗ್ಲಿ ಬುಡೇ. ನನ್ನ ಮರ್ವಾದೆ ಉಳುಸ್ಕಳಕ್ಕೆ ಪ್ಲೇಟು ಒಡೀಲಾ?" ಅವಳು ಪರದೆಯ ಕಡೆ ತಿರುಗಿದಳು. "ನಾಳೆ ಬೆಳಿಗ್ಗೆ ಬೆಳಕು ಹರೀತಿದ್ದಂಗೆ ತೊಳೀತೀವಿ. ಹತ್ತು ಗಂಟೆಗೆ ನೋಡಿ. ಏರ್ಲಿಲ್ಲ ಅಂದ್ರೆ ಸುಳ್ಳಿ ಅಂತ ನನ್ನ ಮುಖಕ್ಕೇ ಬರೆದು ಕಳ್ಸಿ."

ಪರದೆಯಲ್ಲಿ ಮೇಡಂ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಹತ್ತು ಗಂಟೆ" ಎಂದಷ್ಟೇ ಹೇಳಿ ಹೋದರು.

ಮರುದಿನ ಮೂವತ್ನಾಲ್ಕು ಜನರೂ ಬಂದಿದ್ದರು. ಜ್ವರವೆಂದು ರಜೆ ಹಾಕಿದ್ದ ಮಂಜಮ್ಮ ಕೂಡ ತಲೆಗೆ ಟವೆಲ್ ಸುತ್ತಿಕೊಂಡು ಬಂದಿದ್ದಳು. ಮೂಡಲು ಕೆಂಪಾಗುವ ಮುಂಚೆಯೇ ಟ್ಯಾಂಕರಿನ ಪೈಪು ಬಿಚ್ಚಿದರು. ಮೊದಲು ನೀರು, ಆಮೇಲೆ ಬ್ರಷ್ಷು, ಆಮೇಲೆ ವೈಪರು. ಮೇಲಿಂದ ಕೆಳಕ್ಕೆ ಒಂದೇ ಎಳೆತ. ಗೀರು ಉಳಿದರೆ ಚಿಕ್ಕಹನುಮಕ್ಕ ಎಲ್ಲಿದ್ದರೂ ಬಂದು "ಇದೇನೇ, ನಿಮ್ಮತ್ತೆ ಕೈಲಿ ತೊಳಿಸ್ದಾ?" ಎನ್ನುತ್ತಿದ್ದಳು. ಕೆಂಪು ನೀರು ಸಾಲುಗಳ ಕೆಳಗೆ ಕಾಲುವೆಯಾಗಿ ಹರಿಯಿತು. ಎಂಟಕ್ಕೆಲ್ಲ ಮುಗಿಯಿತು. ಅವಳು ಬೆರಳನ್ನು ಸೆರಗಿಗೆ ಚೆನ್ನಾಗಿ ಒರೆಸಿಕೊಂಡು ಫೋನಿನ ಬಟನ್ ಒತ್ತಿದಳು. ಒದ್ದೆ ಬೆರಳಿನ ಮಾತನ್ನು ಫೋನು ಕೇಳುತ್ತಿರಲಿಲ್ಲ.

ಹತ್ತಕ್ಕೆ ಕಂಟ್ರೋಲ್ ರೂಮಿನ ಬಾಗಿಲಲ್ಲಿ, ಕಿಟಕಿಯಲ್ಲಿ ಎಲ್ಲ ಕಡೆ ಹೆಂಗಸರೇ. ಪರದೆಯ ಗೆರೆ ಹಿಂದಿನ ದಿನದ ಗೆರೆಯನ್ನು ದಾಟಿ ಮೇಲೆ ಹೋಗಿತ್ತು. ಹದಿನಾಲ್ಕನೇ ಚೌಕ ಒಮ್ಮೆ ಮಿನುಗಿ ಹಸಿರಾಯಿತು. ಯಾರೋ ಶಿಳ್ಳೆ ಹೊಡೆದರು. ಮಂಜಮ್ಮನದೇ ಇರಬೇಕು.

"ಸುಳ್ಳು ವರದಿ ಅನ್ನೋ ಕಾಗದ ವಾಪಸ್ ತಗೊಂಡಿದ್ದೀನಿ" ಎಂದರು ಮಂಜುಶ್ರೀ ಮೇಡಂ. "ಕೆಲಸ ನಿಮ್ಮ ಗುಂಪಿನದೇ." ಆಮೇಲೆ, "ಉಳಿದ ಹತ್ತು ಕಡೆಯೂ ಹೆಸರು ಹಾಕಬೇಕು ಅಂತಿದ್ವಿ. ಅಲ್ಲೂ ಹೀಗೇ ಇರುತ್ತಾ?" ಎಂದರು.

"ಅಲ್ಲಿ ತೊಳೆಯೋರ್ನ ಕೇಳಿ ಮೇಡಂ. ಕಾಗದನ ಕೇಳಬ್ಯಾಡಿ" ಎಂದಳು ಚಿಕ್ಕಹನುಮಕ್ಕ.

ಆ ವಾರವೆಲ್ಲ ಅಂಜನ್ ಅವಳ ಹಿಂದೆ ಅಲೆದ. ಅವಳು ಹೆಸರು ಹೇಳುವುದು, ಅವನು ಬರೆದುಕೊಳ್ಳುವುದು. ಹುಣಸೇಮರದ ಹೊಲ, ಪಟಾಲಮ್ಮನ ಕಟ್ಟೆ, ಕರೀಕಲ್ಲು ಮೂಲೆ. ಪಟ್ಟಿ ಕ್ಲೌಡಿಗೆ ಏರಿತು. ಆಯಿತು ಎಂಬ ಬಟನ್ನಿನ ಪಕ್ಕದಲ್ಲಿ ಯಾಕೆ ಎಂಬ ಇನ್ನೊಂದು ಬಟನ್ ಬಂತು. ಬೋರ್ಡುಗಳಿಗೂ ಬಣ್ಣ ಹೊಡೆಸಬೇಕು ಎಂದಾಗ ಪೇಂಟರನ್ನು ಕರೆಸುವುದು ಬೇಡ ಎಂದು ಅವಳೇ ಡಬ್ಬಿ ಹಿಡಿದು ಹೊರಟಳು. ಏಳನೇ ಕ್ಲಾಸಿನವರೆಗೆ ಕಲಿತ ದುಂಡು ಅಕ್ಷರ. ಒಂದೊಂದು ಬೋರ್ಡು ಮುಗಿದಾಗಲೂ ಅಂಜನ್ ಅದರ ಫೋಟೋ ತೆಗೆದು ಮೇಲಕ್ಕೆ ಕಳಿಸುತ್ತಿದ್ದ.

ಒಂಬತ್ತನೆಯದನ್ನು ಅವಳು ಕೊನೆಗಿಟ್ಟುಕೊಂಡಿದ್ದಳು. ಗುಡ್ಡದ ಬುಡದಲ್ಲಿ ಸಂಜೆ ಬಿಸಿಲು ಓರೆಯಾಗಿತ್ತು. ಪರ್ವತಯ್ಯ ಕುರಿಗಳ ನಡುವೆ ಕೋಲೂರಿ ನಿಂತು, ತನ್ನ ಹೆಸರಿನ ಒಂದೊಂದು ಅಕ್ಷರ ಮೂಡುವುದನ್ನೂ ನೋಡುತ್ತಿದ್ದ. ಅವಳು ಕೊನೆಯ ಅಕ್ಷರ ತಿದ್ದಿ, ಬೋರ್ಡಿನ ಕಂಬಕ್ಕೆ ಒರಗಿಸಿಟ್ಟಿದ್ದ ವೈಪರನ್ನು ಹೆಗಲಿಗೇರಿಸಿಕೊಂಡು ಹಿಂದೆ ಸರಿದಳು.

"ಒಂಚೂರು ಪಕ್ಕಕ್ಕೆ ಹೋಗಕ್ಕ" ಎಂದ ಅಂಜನ್ ಫೋನೆತ್ತಿ. "ನಿನ್ನ ನೆರಳು ಬೋರ್ಡಿನ ಮೇಲೆ ಬೀಳ್ತಿದೆ."

"ಬೀಳ್ಲಿ ಬುಡು."

ಅವಳು ಸರಿಯಲಿಲ್ಲ. ಫೋಟೋ ಹಾಗೇ ಹೋಯಿತು. ಹಸಿ ಬಣ್ಣದ ದುಂಡು ಅಕ್ಷರ, ಅದರ ಮೇಲೆ ಹೆಗಲಿಗೆ ಉದ್ದ ಕೋಲು ಹೊತ್ತ ಹೆಂಗಸೊಬ್ಬಳ ನೆರಳು.