ಎತ್ತುಗಳ ಕವಾಯತು

ರಘು ಎಡಗಡೆಯ ಎತ್ತಿನ ಬಾಲ ತಿರುಚಿದ. ಅದು ಒಂದು ಕಿವಿಯನ್ನು ಹಿಂದಕ್ಕೆ ತಿರುಗಿಸಿತು, ಮತ್ತೆ ಮುಂದಕ್ಕೆ ತಂದಿತು, ಹಾಗೇ ನಿಂತಿತು. ಬಲಗಡೆಯದಕ್ಕೆ ಕೋಲಿನ ತುದಿಯಿಂದ ತಿವಿದ. ಅದೂ ಕದಲಲಿಲ್ಲ. ಗಾಡಿಯ ಮೇಲೆ, ಚೆಂಡುಹೂವಿನ ಹಾರಗಳ ಕೆಳಗೆ, ಅವನ ತಾತ ಚಿಕ್ಕಬೀರಯ್ಯ ಗದ್ದಕ್ಕೆ ಬಟ್ಟೆ ಕಟ್ಟಿಸಿಕೊಂಡು ಮಲಗಿದ್ದ. ತಮಟೆಯವರು ಎರಡು ಸಲ ಬಡಿಯಲು ಶುರುಮಾಡಿ ಎರಡು ಸಲವೂ ನಿಲ್ಲಿಸಿದ್ದರು. ಈಗ ತಮಟೆಗಳನ್ನು ಹುಲ್ಲಿನ ಬೆಂಕಿಗೆ ಹಿಡಿದು ಕಾಯಿಸುವ ನೆಪದಲ್ಲಿ ಬೀಡಿ ಹಚ್ಚಿದ್ದರು.

"ಮೂಗುದಾರ ಇಡ್ದು ಎಳೀಲಾ," ಎಂದ ತಮಟೆಯವನೊಬ್ಬ.

"ಎಳ್ದೆ ಕಣಣ್ಣ. ಕತ್ತು ಬತ್ತದೆ, ಕಾಲು ಬರಾಕಿಲ್ಲ."

ಯಾರೋ ನಕ್ಕರು. ಸಾವಿನ ಮನೆ ಎಂದು ನೆನಪಾಗಿ ಕೆಮ್ಮಿದರು.

ಚಿಕ್ಕಬೀರಯ್ಯನ ಮಗ ಉಮಾಶಂಕರ ತಾಯಿಯ ಕಡೆ ತಿರುಗಿದ. "ಮೊದ್ಲೇ ಯೋಳ್ದೆ ಕಣವ್ವ, ಟ್ರ್ಯಾಕ್ಟರಲ್ಲಿ ತಗೊಂಡೋಗಾನ ಅಂತ. ವತ್ತು ಮುಳುಗೋದ್ರೊಳಗೆ ಮಣ್ಣಾಗ್ಬೇಕು."

ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನ ಗೋಡೆಗೆ ಒರಗಿ ಕೂತಿದ್ದ ಚಾಮುಂಡಮ್ಮ ತಲೆ ಎತ್ತಲಿಲ್ಲ. "ನನ್ನ ಎತ್ತೇ ನನ್ನ ಎಳ್ಕೊಂಡೋಗ್ಬೇಕು ಅಂದಿದ್ರು ನಿಮ್ಮಪ್ಪ. ಬ್ಯಾರೆ ಏನ ಕೇಳಿದ್ರು ಅವ್ರು, ಇಷ್ಟ್ ವರ್ಸದಲ್ಲಿ?"

"ಎಳೀಬೇಕಲ್ಲ ಅವು!"

"ಆ ಮಂತ್ರ ಯೋಳ್ದೆ ಎಲ್ಲಿ ಎಳೀತವೆ?" ಎಂದಳು ಪಕ್ಕದ ಮನೆಯ ಮಾಯಮ್ಮ. "ಕೇರಳದ್ದು ಕಣವ್ವ ಅದು. ಕೋಟೆ ಕಡೆ ಶುಂಠಿ ವಲ್ದಲ್ಲಿ ಮಲೆಯಾಳದವರ ಜೊತೆ ದುಡೀತಿದ್ನಲ್ಲ, ಆಗ ಕಲ್ತಿದ್ದು. ಬೆಳ್ಗೆ ಬೆಳ್ಗೆ ಕೂಗೋನು, ನನ್ನ ಮೈ ಜುಮ್ ಅನ್ನದು."

"ಮಂತ್ರನೂ ಅಲ್ಲ, ಮಣ್ಣೂ ಅಲ್ಲ," ಎಂದ ದನದ ದಲ್ಲಾಳಿ ಕುಳ್ಳಯ್ಯ. "ಉರ್ದು. ಸಂತೇಲಿ ಸಾಬರ ತಾವ ತಂದಿರೋ ಜೋಡಿ. ಭಾಷೆನೂ ಜೊತೇಲಿ ಬಂದದೆ."

"ಈ ಕೊಟ್ಟಿಗೇಲೇ ಉಟ್ಟಿದ್ದು ಕಣಯ್ಯ ಇವು!"

"ಅಂಗಾದ್ರೆ ಇವುಗಳ ಅಪ್ಪ ಕಲ್ಸಿರ್ಬೇಕು."

ಕುಳ್ಳಯ್ಯ ಬಂದದ್ದು ಸಾವಿಗಲ್ಲ. ಹೋದ ವಾರವೇ ಉಮಾಶಂಕರ ಅವನಿಗೆ ಹೇಳಿಕಳಿಸಿದ್ದ: ಅಪ್ಪ ಹಾಸಿಗೆ ಹಿಡಿದಿದ್ದಾನೆ, ಉಳಲು ಟ್ರ್ಯಾಕ್ಟರಿದೆ, ಎತ್ತು ನೋಡಿಕೊಂಡು ಹೋಗು. ಅವನ ಟೆಂಪೊ ಬೇಲಿಯ ಪಕ್ಕ ನಿಂತಿತ್ತು. ಅವನು ಈಗ ಉಮಾಶಂಕರನ ಕಿವಿಯ ಬಳಿ ಬಾಗಿದ. "ಯಾರು ಯೋಳಿದ್ರೂ ಕದಲ್ದಿರೋ ಎತ್ತ ನಾನು ತಗೊಂಡೋಗಿ ಯಾರಿಗೆ ಮಾರ್ಲಿ, ಸ್ವಾಮಿ? ನಡ್ದು ತೋರಿಸ್ಲಿ, ಇವತ್ತೇ ಏರಿಸ್ಕೊತೀನಿ. ಇಲ್ಲಾಂದ್ರೆ ನಂಗೆ ಬ್ಯಾಡ."

ಬ್ಯಾರನ್ನಿನ ಮರೆಯಲ್ಲಿ ಹೂವಿನ ತಟ್ಟೆ ಹಿಡಿದು ನಿಂತಿದ್ದ ಉಮಾಶಂಕರನ ಮಗಳು ಅನುಶ್ರೀಗೆ ಅದು ಕೇಳಿಸಿತು. ಎತ್ತುಗಳನ್ನು ನಡೆಸುವುದು ಹೇಗೆಂದು ಆ ಅಂಗಳದಲ್ಲಿ ಅವಳೊಬ್ಬಳಿಗೇ ಗೊತ್ತಿತ್ತು. ನಡೆಸಿದರೆ ತಾತ ತನ್ನ ಗಾಡಿಯಲ್ಲಿ ಹೋಗುತ್ತಾನೆ, ಎತ್ತುಗಳು ಟೆಂಪೊದಲ್ಲಿ ಹೋಗುತ್ತವೆ. ನಡೆಸದಿದ್ದರೆ ಎತ್ತುಗಳು ಉಳಿಯುತ್ತವೆ, ತಾತ ಟ್ರ್ಯಾಕ್ಟರಿನಲ್ಲಿ ಹೋಗುತ್ತಾನೆ.

*

ಹುಣಸೂರಿನ ಕಾಲೇಜಿನಲ್ಲಿ ಅವಳು ಎನ್‌ಸಿಸಿ ಸೇರಿದ ಮೊದಲ ದಿನ. ಹುಡುಗಿಯರು ಸಾಲಾಗಿ ನಿಂತಿದ್ದರು. ಉಸ್ತಾದರು, ಬೆಟಾಲಿಯನ್ನಿನಿಂದ ಬಂದಿದ್ದ ದಪ್ಪ ಮೀಸೆಯ ಹವಾಲ್ದಾರರು, ಎದೆಯುಬ್ಬಿಸಿ ಉದ್ದಕ್ಕೆ ಎಳೆದು ಕೂಗಿದರು:

"ತೇ...ಜ್ ಚಲ್!"

ಅನುಶ್ರೀ ಜೋರಾಗಿ ನಕ್ಕುಬಿಟ್ಟಳು. ಅದು ಅವಳಿಗೆ ಎತ್ತಿನ ಮಾತು, ತಾತ ಹೊಲದಲ್ಲಿ ಜೋಡಿಯನ್ನು ಹೊರಡಿಸಲು ಕೂಗುವುದು. "ಥಮ್" ಎಂದರೆ ನೊಗ ನಿಲ್ಲಬೇಕು, "ಬಾಯೇ ಮುಡ್" ಎಂದರೆ ನೇಗಿಲು ಎಡಕ್ಕೆ ತಿರುಗಬೇಕು. ಅಷ್ಟು ದೊಡ್ಡ ಮೈದಾನದಲ್ಲಿ ಅಷ್ಟು ಹುಡುಗಿಯರು ಒಟ್ಟಿಗೆ ಎಡಗಾಲು ಎತ್ತಿದ್ದನ್ನು ಕಂಡು ಅವಳಿಗೆ ಇವರೆಲ್ಲ ನಮ್ಮ ಕೊಟ್ಟಿಗೆಯವರೇ ಅನ್ನಿಸಿತು.

ನಕ್ಕಿದ್ದಕ್ಕೆ ಮೈದಾನ ಸುತ್ತಿದಳು. ಆಮೇಲೂ ಸುತ್ತುವುದು ತಪ್ಪಲಿಲ್ಲ. ಊರಿನ ಮೊದಲ ಬಸ್ಸು ಹುಣಸೂರು ಮುಟ್ಟುವಷ್ಟರಲ್ಲಿ ಪರೇಡು ಶುರುವಾಗಿರುತ್ತಿತ್ತು. ಹೀಗೇ ತಡವಾದರೆ ಹಾಜರಾತಿ ಸಾಲುವುದಿಲ್ಲ, ಪರೀಕ್ಷೆಗೆ ಕೂರಿಸುವುದಿಲ್ಲ ಎಂದು ಉಸ್ತಾದರು ಹೇಳಿದ್ದರು. ಒಂದು ಸ್ಕೂಟಿ ಇದ್ದರೆ ಎಂದು ಅವಳು ಮನೆಯಲ್ಲಿ ಕೇಳಿದ್ದಳು. ಅಪ್ಪ ಕೇಳಿಸದವನಂತೆ ಎದ್ದು ಹೋಗಿದ್ದ.

ಆ ಮೊದಲ ದಿನ ಸಂಜೆ ಅವಳು ನೇರ ಹೊಲಕ್ಕೆ ಹೋದಳು. ತಾತ ನೊಗ ಬಿಚ್ಚುತ್ತಿದ್ದ.

"ತಾತ, ನೀನು ಮಿಲ್ಟ್ರೀಲಿದ್ದಾ?"

"ಯಾರು ಯೋಳಿದ್ದು?"

"ಇವತ್ತು ಉಸ್ತಾದ್ರು ನಿನ್ನ ಥರಾನೇ ಕೂಗಿದ್ರು."

ಚಿಕ್ಕಬೀರಯ್ಯ ಎತ್ತುಗಳ ಕಡೆ ನೋಡಿದ. ಅವುಗಳ ಹೆಸರು ಏಕ, ದೋ. ಅವುಗಳ ಹಿಂದಿನ ಜೋಡಿಯೂ ಏಕ, ದೋ. ಅದರ ಹಿಂದಿನದೂ.

"ಮಿಲ್ಟ್ರಿ ಎಲ್ಲಿ ಬಂತು. ಪಿಯುಸೀಲಿ ಎನ್‌ಸಿಸಿ ಇದ್ದೆ, ನಿನ್ನಂಗೇ. ಡೆಲ್ಲಿ ಪರೇಡಿಗೆ ಆರಿಸ್ತಾರಲ್ಲ, ಅದ್ರಲ್ಲಿ ನನ್ನೂ ಆರಿಸ್ಬುಟ್ಟಿದ್ರು. ಸೊಪ್ಪು ಬೇಯ್ಸೋ ಕಾಲ. ಬ್ಯಾರನ್‌ಗೆ ಬೆಂಕಿ ನೋಡೋರಿಲ್ಲ ಅಂತ ನಮ್ಮಪ್ಪ ಕಾಲೇಜ್ ಫೀಲ್ಡಿಗೇ ಬಂದು ನಿಂತ್ಕೊಂಡ. ಬಾ ಅನ್ಲಿಲ್ಲ. ಸುಮ್ನೆ ನಿಂತಿದ್ದ. ಸಾಲಿಂದ ಈಚೆಗೆ ಬಂದೆ."

"ಆಮೇಲೆ?"

"ಆಮೇಲೇನು. ಬೂಟು, ಬೆಲ್ಟು, ಟೋಪಿ, ಎಲ್ಲಾ ವಾಪಸ್ ಇಸ್ಕೊಂಡ್ರು. ಬಾಯಲ್ಲಿದ್ದುದ್ದ ಯಾರೂ ಕೇಳ್ಲಿಲ್ಲ." ಅವನು ಮೂಗಿನಲ್ಲಿ ನಕ್ಕ. "ಮನೇಲಿ ಎರಡು ಕರ ಇದ್ವು."

ಅವಳಿಗೆ ಅವತ್ತೇ ಕಲಿಸಿದ. ಅವಳಿಗೆ ಪದಗಳು ಗೊತ್ತಿದ್ದವು, ಗೊತ್ತಿಲ್ಲದಿದ್ದದ್ದು ಬೇರೆಯದು. "ಅಂಗೆ ಗಡಗಡ ಅನ್ಬಾರ್ದು ಕಣವ್ವ. ಮೊದಲ್ನೇ ಮಾತು ಕೇಳಾಕೆ, ಎರಡ್ನೇದು ಮಾಡಾಕೆ. ಮಧ್ಯ ಬುಡ್ಬೇಕು. ಅವು ಯಾವ ಕಾಲು ಎತ್ಬೇಕು ಅಂತ ನೋಡ್ಕೊಳ್ಳಾಕೆ ಟೈಮ್ ಬ್ಯಾಡ್ವಾ?"

*

"ಏಯ್, ತಾತ ಚಲ್ ಚಲ್ ಅಂತಿತ್ತು," ಎಂದು ರಘುವಿಗೆ ನೆನಪಾಯಿತು. "ತೇಜ್‌ಚಲ್! ತೇಜ್‌ಚಲ್ ತೇಜ್‌ಚಲ್!"

ಪದ ಸರಿಯಾಗಿಯೇ ಇತ್ತು. ಎತ್ತುಗಳ ನಾಲ್ಕೂ ಕಿವಿ ನಿಮಿರಿದವು. ಏಕ ಮುಂಗಾಲು ಎತ್ತಿ, ಗೊಂದಲಗೊಂಡು, ಅಲ್ಲೇ ಇಟ್ಟಿತು.

"ಸಾಕು ಬುಡು," ಎಂದ ಉಮಾಶಂಕರ. "ಟ್ರ್ಯಾಕ್ಟರ್ ತತ್ತೀನಿ."

ಚಾಮುಂಡಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಬೆಳಗಿನಿಂದ ಅಳದಿದ್ದವಳ ಭುಜ ಒಮ್ಮೆ ಅಲುಗಿತು.

ಅನುಶ್ರೀ ತಟ್ಟೆಯನ್ನು ಮಾಯಮ್ಮನ ಕೈಗೆ ಕೊಟ್ಟಳು. ಎತ್ತುಗಳ ಎಡಕ್ಕೆ, ಅವುಗಳ ಕಣ್ಣಿಗೆ ಕಾಣುವಷ್ಟು ಮುಂದೆ ಹೋಗಿ ನಿಂತಳು. ಹಿಮ್ಮಡಿ ಜೋಡಿಸಿದಳು. "ಸಾ...ವ್ಧಾನ್" ಎಂದಳು. ದೋ ಹಿಂಗಾಲನ್ನು ಸರಿಸಿ ನೆಟ್ಟಗೆ ನಿಂತಿತು.

"ತೇ...ಜ್"

ಅವಳು ಕಾದಳು. ಎರಡು ಕತ್ತುಗಳು ಬಾಗಿ ನೊಗಕ್ಕೆ ಭಾರ ಕೊಟ್ಟವು.

"ಚಲ್!"

ಗಾಡಿ ಕಿರ್ರೆಂದು ಹೊರಟಿತು. ಚಾಮುಂಡಮ್ಮ ಎದ್ದು ನಿಂತಳು. ತಮಟೆಯವರು ಬೀಡಿ ಎಸೆದು ಓಡಿ ಬಂದರು.

"ಅಯ್ಯೋ, ಈ ಕೂಸಿಗೂ ಮಂತ್ರ ಕೊಟ್ಟವ್ನೆ ಕಣವ್ವ!" ಎಂದಳು ಮಾಯಮ್ಮ.

ಆ ಮನೆತನದಲ್ಲಿ ಹೆಂಗಸರು ಅರಳಿಕಟ್ಟೆಯಿಂದಾಚೆ ಹೆಣದ ಜೊತೆ ಹೋಗುವಂತಿಲ್ಲ. ಕಟ್ಟೆಯ ಬಳಿ ಹೆಂಗಸರೆಲ್ಲ ನಿಂತರು. ಅನುಶ್ರೀ "ಥಮ್" ಎಂದಳು, ಗಾಡಿಯೂ ನಿಂತಿತು.

"ಸಾಕು ಬಾ ಮಗ. ಇನ್ನ ಗಂಡಸ್ರು ನೋಡ್ಕೊತಾರೆ," ಎಂದರು ಊರಿನ ಯಜಮಾನರು.

"ಸರಿ ಅಜ್ಜ, ನೋಡ್ಕೊಳ್ಳಿ."

ಗಂಡಸರು ನೋಡಿಕೊಂಡರು. ಒಬ್ಬ ಗದರಿಸಿದ, ಒಬ್ಬ ಮೈದಡವಿದ, ರಘು ಮತ್ತೆ ಮೂಗುದಾರ ಎಳೆದ. ತಮಟೆಯ ಲಯ ಎರಡು ಸಲ ತಪ್ಪಿತು. ಹೊತ್ತು ಇಳಿಯುತ್ತಿತ್ತು. ಕೊನೆಗೆ ಯಜಮಾನರು ಅರಳಿಮರದ ಕಡೆ ಮುಖ ಮಾಡಿ, ಯಾರಿಗೂ ಹೇಳದವರಂತೆ, "ನಡೀ, ನಡೀ" ಎಂದರು. ಚಾಮುಂಡಮ್ಮ ಕಟ್ಟೆಯ ಮೇಲೆ ಹತ್ತಿ ನಿಂತಳು. ಗಾಡಿ ಬೇಲಿಯ ತಿರುವಿನಲ್ಲಿ ಅನುಶ್ರೀಯ "ದಾಹಿನೇ ಮುಡ್" ಕೇಳಿ ಬಲಕ್ಕೆ ತಿರುಗಿ ಮರೆಯಾಗುವ ತನಕ ನೋಡಿದಳು.

ಕುಳ್ಳಯ್ಯ ದಾರಿಯುದ್ದಕ್ಕೂ ಹೆಣವನ್ನು ನೋಡಲಿಲ್ಲ. ಎತ್ತಿನ ಗೊರಸುಗಳನ್ನು ನೋಡಿದ. ಎರಡರ ಎಡಗಾಲೂ ಒಟ್ಟಿಗೆ ಏಳುತ್ತಿತ್ತು, ಒಟ್ಟಿಗೆ ಇಳಿಯುತ್ತಿತ್ತು. "ಇಂಥಾದ್ದ ನಾನು ಕಂಡಿಲ್ಲ," ಎಂದು ಪಕ್ಕದವನಿಗೆ ಹೇಳಿದ. "ಕೆ.ಆರ್. ನಗರದ ಕಡೆ ತೋರಿಸಿದ್ರೆ ಮುಗಿಬಿದ್ದು ತಗೋತಾರೆ."

ಹೊಲದಲ್ಲಿ ಗುಂಡಿ ಸಿದ್ಧವಿತ್ತು. ಚಿಕ್ಕಬೀರಯ್ಯನನ್ನು ಇಳಿಸಿದರು. ಉಮಾಶಂಕರ ಮೊದಲು, ಆಮೇಲೆ ರಘು, ಆಮೇಲೆ ಎಲ್ಲರೂ ಮಣ್ಣು ಹಾಕಿದರು. ಅನುಶ್ರೀಗೆ ಯಾರೂ ಹಾಕು ಅನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ. ಅವಳು ಎತ್ತುಗಳನ್ನು ಬಿಟ್ಟು ಬಂದು ಒಂದು ಹಿಡಿ ಹಾಕಿ, ಮತ್ತೆ ಅವುಗಳ ಬಳಿಗೆ ಹೋದಳು. ಅವು ಅವಳು ನಿಲ್ಲಿಸಿದ ಜಾಗದಲ್ಲೇ ಇದ್ದವು. ಬದುವಿನ ಹಸಿರು ಹುಲ್ಲು ಮೂತಿಗೆ ಎಟುಕುವಷ್ಟು ಹತ್ತಿರವಿತ್ತು. ಬಾಯಿ ಹಾಕಿರಲಿಲ್ಲ.

ಮಣ್ಣು ಮಾಡಿದವರು ಹಿಂತಿರುಗಿ ನೋಡದೆ ಹೊರಟರು. ಅನುಶ್ರೀ ಖಾಲಿ ಗಾಡಿಯನ್ನು ಊರ ಕಡೆ ತಿರುಗಿಸಿಕೊಂಡಿದ್ದಳು. ಉಮಾಶಂಕರ, ಕುಳ್ಳಯ್ಯ ಹಿಂದೆಯೇ ಬಂದರು.

"ತೇ...ಜ್" ಎಂದಳು ಅವಳು. ಎರಡು ಕತ್ತು ಬಾಗಿದವು. ನೊಗದ ಹಗ್ಗ ಬಿಗಿಯಿತು.

ಉಮಾಶಂಕರ ನೊಗದ ಮೇಲೆ ಕೈಯಿಟ್ಟ. "ಒಸಿ ಇರು, ಅನು." ಅವನ ದನಿ ಬೆಳಗಿನದಲ್ಲ, ಮೆತ್ತಗಿತ್ತು. ಕಣ್ಣು ಕೆಂಪಗಿದ್ದವು. "ನಂಗೂ ಗೊತ್ತು ಕಣವ್ವ. ಆದ್ರೆ ಇವುನ್ನ ಯಾರು ಮೇಯಿಸ್ತಾರೆ, ಯಾರು ಕಟ್ಕೊಂಡು ಉಳ್ತಾರೆ? ಆ ಕೂಗೋ ರೀತಿ ಐತಲ್ಲ, ಕುಳ್ಳಯ್ಯಂಗೆ ಒಂದ್ಸಲ ತೋರಿಸ್ಕೊಟ್ಬುಡು. ಗೌರಿ ಹಬ್ಬಕ್ಕೆ ಸ್ಕೂಟಿ ಕೊಡಿಸ್ತೀನಿ. ತಾತನ ಮಣ್ಣಿನ ಮುಂದೆ ನಿಂತು ಯೋಳ್ತಿದ್ದೀನಿ. ಇನ್ಮ್ಯಾಕೆ ನಿಂಗೆ ಪರೇಡು ತಪ್ಪಾಕಿಲ್ಲ."

"ಎರಡು ಪದ ತಾನೆ ಮಗ," ಎಂದ ಕುಳ್ಳಯ್ಯ. "ಅದ್ನ ಮಡಿಕೊಂಡು ನೀನೇನ್ ಮಾಡೀಯ?"

ಏಕ, ದೋ ಭುಜ ಕೊಟ್ಟು, ಕಿವಿ ಮುಂದಕ್ಕೆ ಮಾಡಿ, ಎಡಗಾಲು ಹಗುರ ಮಾಡಿಕೊಂಡು, ಎರಡನೆಯ ಮಾತಿಗೆ ಕಾದು ನಿಂತಿದ್ದವು.

"ಸ್ಕೂಟಿ ಬ್ಯಾಡಪ್ಪ," ಎಂದಳು ಅನುಶ್ರೀ. "ಯೋಳ್ಕೊಡಾಕಿಲ್ಲ."